ಹಿತ್ತಲಿಗೆ ಬಂದ ಹೊಸ ಹಕ್ಕಿ



ಗುಬ್ಬಿಗಳಿಗೆಂದು ಹಿತ್ತಲಲ್ಲಿ ಚೆಲ್ಲಿದ ಜೋಳದ ನುಚ್ಚಿಗೆ ಚಳಿಗಾಲದಲ್ಲಿ ಒಮ್ಮೊಮ್ಮೆ ಕಂಡರಿಯದ ಹಕ್ಕಿಯೂ ಬರುವುದುಂಟು. ಗಾತ್ರ ಸುಮಾರು ಗೊರವಂಕದಷ್ಟು. ಬಣ್ಣ ಮಾತ್ರ ಬೇರೆ. ಕಲ್ಲೆತ್ತುವ ಮೊದಲು ಅದರ ಗುರುತು ಹಿಡಿಯಿರಿ.

ಗೊರವಂಕಕ್ಕೆ ಕಣ್ಣಿನ ಸುತ್ತ ಹಳದಿ ಚರ್ಮವಿರುತ್ತದೆ, ಕಾಲೂ ಹಳದಿ. ಹಾರುವಾಗ ರೆಕ್ಕೆಯಲ್ಲಿ ಬಿಳಿ ಮಚ್ಚೆ ಎದ್ದು ಕಾಣುತ್ತದೆ. ಇವು ಯಾವುವೂ ಇಲ್ಲದೆ, ಮೈ ಮರಳಿನಂತೆ ತಿಳಿಗಂದಾಗಿ, ಕೊಕ್ಕು ಮಾಸಲು ಹಳದಿಯಾಗಿದ್ದರೆ ಅದು ಎಳೆಯ ಗುಲಾಬಿ ಕಬ್ಬಕ್ಕಿ. ಬಲಿತ ಹಕ್ಕಿಗೆ ತಲೆ, ರೆಕ್ಕೆ, ಬಾಲ ಕಪ್ಪು, ಬೆನ್ನು, ಹೊಟ್ಟೆ ಗುಲಾಬಿ, ನೆತ್ತಿಯಲ್ಲಿ ಜುಟ್ಟು. ಒಂದೇ ಹಿಂಡಿನಲ್ಲಿ ಎರಡೂ ಇದ್ದಾಗ ಬೇರೆ ಜಾತಿಯವೆಂದು ಭ್ರಮಿಸಬಾರದು.

ಇದನ್ನು ಗುರುತಿಸಿದರೆ ಬೆಳೆಗೆ ಲಾಭ. ಇದು ಹಿಂಡುಹಿಂಡಾಗಿ ಸಂಚರಿಸುವ ವಲಸೆ ಹಕ್ಕಿ. ಹಿತ್ತಲಲ್ಲಿ ಒಂದು ಕಂಡರೆ ಹೊಲದಲ್ಲಿ ನೂರಾರು ಇರಬಹುದು. ಜೋಳದ ತೆನೆ ಹಾಲುಗಾಳಿನ ಹಂತದಲ್ಲಿದ್ದರೆ ಅಂದಿನಿಂದಲೇ ಬೆಳಿಗ್ಗೆ, ಸಂಜೆ ಕಾವಲಿರಿ. ಡಬ್ಬ ಬಾರಿಸಿರಿ, ಹೊಳೆಯುವ ಪಟ್ಟಿ ಕಟ್ಟಿರಿ.

ವಿಷ ಬೆರೆಸಿದ ಕಾಳನ್ನು ಮಾತ್ರ ಇಡಬೇಡಿರಿ. ಅದನ್ನು ತಿಂದು ಗುಬ್ಬಿ, ಮನೆಯ ಕೋಳಿಗಳೂ ಸಾಯುತ್ತವೆ. ಅಲ್ಲದೆ ಈ ಹಕ್ಕಿ ಹುಳು-ಹುಪ್ಪಟೆಗಳನ್ನೂ ತಿನ್ನುತ್ತದೆ. ಮಧ್ಯ ಏಷ್ಯಾದಲ್ಲಿ ಮರಿ ಮಾಡುವಾಗ ಇದರ ಮುಖ್ಯ ಆಹಾರ ಮಿಡತೆ. ಚೀನಾದ ಶಿಂಜಿಯಾಂಗ್ ಪ್ರಾಂತದಲ್ಲಿ 1980ರ ದಶಕದಿಂದ ಮಿಡತೆ ಹತೋಟಿಗೆಂದೇ ಇದಕ್ಕೆ ಕೃತಕ ಗೂಡು ಕಟ್ಟಿಕೊಡಲಾಗಿದೆ.

ನಮ್ಮಲ್ಲಿ ತೆನೆ ಕಾಯಬೇಕಾದುದು ಕೆಲವು ವಾರ ಮಾತ್ರ. ಏಪ್ರಿಲ್ ಕಳೆಯುವಷ್ಟರಲ್ಲಿ ಅತಿಥಿ ತಾನಾಗಿಯೇ ಹೊರಟುಹೋಗುತ್ತದೆ. ಬೆಳೆಯೂ ಉಳಿಯಲಿ, ಹಕ್ಕಿಯೂ ಉಳಿಯಲಿ.