ಮುಚ್ಚಿಡಬಾರದ ಅಪಾಯ: ಮೂರ್ಛೆರೋಗ ಮತ್ತು ಹಠಾತ್ ಸಾವು

ಮೂರ್ಛೆರೋಗ ಇರುವವರು ರಾತ್ರಿ ಉಂಡು ಮಲಗಿ, ಬೆಳಿಗ್ಗೆ ಹಾಸಿಗೆಯಲ್ಲೇ ಬೋರಲಾಗಿ ತೀರಿಕೊಂಡಿರುವುದುಂಟು. ಪೆಟ್ಟು ಬಿದ್ದಿರುವುದಿಲ್ಲ, ನೀರಿಗೆ ಬಿದ್ದಿರುವುದಿಲ್ಲ, ಶವಪರೀಕ್ಷೆಯಲ್ಲೂ ಬೇರೆ ಕಾರಣ ಸಿಗುವುದಿಲ್ಲ. ವೈದ್ಯರು ಇದನ್ನು ‘ಸುಡೆಪ್’ ಎನ್ನುತ್ತಾರೆ. ನಮ್ಮಲ್ಲಿ ಇಂಥ ಸಾವು ‘ಹಾರ್ಟ್ ಅಟ್ಯಾಕ್’ ಎನಿಸಿಕೊಂಡು, ಶವಪರೀಕ್ಷೆಯಿಲ್ಲದೆ ಸಂಸ್ಕಾರವೂ ಮುಗಿದು, ಯಾವ ಲೆಕ್ಕಕ್ಕೂ ಸಿಗದೆ ಹೋಗಿಬಿಡಬಹುದು. ಈ ಅಪಾಯವನ್ನು ರೋಗಿಗೂ ಮನೆಯವರಿಗೂ ವೈದ್ಯರು ಮೊದಲೇ ಬಿಡಿಸಿ ಹೇಳಬೇಕು ಎಂಬುದು ನನ್ನ ವಾದ.

ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಮೂರ್ಛೆರೋಗವಿರುವ ಪ್ರತಿ 1,000 ವಯಸ್ಕರಲ್ಲಿ ಒಬ್ಬರು, 4,500 ಮಕ್ಕಳಲ್ಲಿ ಒಬ್ಬರು ವರ್ಷಕ್ಕೆ ಹೀಗೆ ಸಾಯುತ್ತಾರೆ. ಆದರೆ ಅಪಾಯ ಎಲ್ಲರಿಗೂ ಒಂದೇ ಸಮನಲ್ಲ. ಮೈಯೆಲ್ಲ ಸೆಟೆದು ಅದುರುವ ದೊಡ್ಡ ಫಿಟ್ಸ್ ವರ್ಷಕ್ಕೆ ಮೂರು ಸಲವೋ ಅದಕ್ಕಿಂತ ಹೆಚ್ಚೋ ಬರುವವರಿಗೆ ಅದು ಸುಮಾರು 15 ಪಟ್ಟು. ಆಸ್ಪತ್ರೆಗಳ ನಿಗಾ ಘಟಕಗಳಲ್ಲಿ, ವಿಡಿಯೊ ಮತ್ತು ಮಿದುಳಿನ ಚಟುವಟಿಕೆ ದಾಖಲಿಸುವ ಇಇಜಿ ಓಡುತ್ತಿರುವಾಗಲೇ ಸಂಭವಿಸಿದ ಸಾವುಗಳನ್ನು ಪರಿಶೀಲಿಸಿದ 2013ರ ಅಧ್ಯಯನವೊಂದು ಆ ಕೊನೆಯ ನಿಮಿಷಗಳನ್ನು ಕಾಣಿಸಿಕೊಟ್ಟಿತು. ಫಿಟ್ಸ್ ನಿಂತೊಡನೆ ಉಸಿರಾಟ ಜೋರಾಗುತ್ತದೆ. ಆಮೇಲೆ ಉಸಿರು, ಹೃದಯ ಎರಡೂ ತಪ್ಪಿ ತಪ್ಪಿ ನಡೆಯತೊಡಗುತ್ತವೆ. ಮೊದಲು ನಿಲ್ಲುವುದು ಉಸಿರು, ಅದರ ಹಿಂದೆಯೇ ಹೃದಯ. ಬಹುತೇಕ ಸಾವುಗಳು ರಾತ್ರಿಯವು. ಅಂದರೆ ಫಿಟ್ಸ್ ನಿಂತಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತೇ ಅತಿ ಎಚ್ಚರದ ಹೊತ್ತು.

ಹೇಳಿದರೆ ಹೆದರುತ್ತಾರೆ, ಮಾಡುವುದಕ್ಕಾದರೂ ಏನಿದೆ ಎಂಬ ಆಕ್ಷೇಪ ಕರುಣೆಯಿಂದಲೇ ಹುಟ್ಟಿದ್ದು. ಆದರೂ ಅದನ್ನು ಒಪ್ಪಲಾರೆ. ಔಷಧಕ್ಕೆ ಸುಲಭವಾಗಿ ಬಗ್ಗದ ರೋಗಿಗಳ ಮೇಲೆ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2011ರ ವಿಶ್ಲೇಷಣೆಯಲ್ಲಿ, ಹುಸಿ ಮಾತ್ರೆ ಪಡೆದವರಿಗಿಂತ ನಿಜವಾದ ಹೆಚ್ಚುವರಿ ಔಷಧ ಪಡೆದವರಲ್ಲಿ ಇಂಥ ಸಾವು ಸುಮಾರು ಏಳು ಪಟ್ಟು ಕಡಿಮೆ ಇತ್ತು. ಮಾತ್ರೆ ತಪ್ಪಿಸಬಾರದೆಂಬ ಮಾತಿಗೆ ಇದಕ್ಕಿಂತ ಬಲವಾದ ಕಾರಣ ಬೇಕೆ? ಈ ಮಾತು ತಲುಪಬೇಕಾದವರು ಕಡಿಮೆಯೇನಿಲ್ಲ. ನಿಮ್ಹಾನ್ಸ್‌ನವರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸಾವಿರಕ್ಕೆ 8.8 ಮಂದಿಗೆ ಮೂರ್ಛೆರೋಗವಿತ್ತು. ಹಳ್ಳಿಗಳಲ್ಲಿ ಪೇಟೆಯ ಎರಡರಷ್ಟು. ಮಾತ್ರೆ ತಪ್ಪುವುದು ಮರೆವಿನಿಂದಷ್ಟೇ ಅಲ್ಲ, ಅಂಜಿಕೆಯಿಂದಲೂ. ಮೂರ್ಛೆರೋಗವನ್ನು ನೆಪ ಮಾಡಿ ಮದುವೆ ರದ್ದುಪಡಿಸುವ ಅವಕಾಶವನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆಯಲಾಯಿತು. ಆದರೂ ಗಂಡನ ಮನೆಯಲ್ಲಿ ಮಾತ್ರೆ ಶೀಟನ್ನು ಸೀರೆ ಮಡಿಕೆಯಲ್ಲಿ ಬಚ್ಚಿಟ್ಟು, ನೆಂಟರು ಬಂದ ದಿನ ನುಂಗಲಾಗದೆ ಉಳಿಯುವ ಹೆಣ್ಣುಮಕ್ಕಳಿದ್ದಾರೆ. ಆ ಒಂದು ದಿನದ ಬೆಲೆ ಏನೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಭಯದಿಂದ ಮನೆಯವರು ಕಾವಲು ಕೂತರೆ ಬೆಳೆದ ಮಕ್ಕಳ ಸ್ವಾತಂತ್ರ್ಯ ಹೋಗುವುದಿಲ್ಲವೆ? ಹೋಗಬಹುದು, ನಿಜ. ಸ್ವೀಡನ್ನಿನ 2020ರ ಅಧ್ಯಯನ ಇಲ್ಲಿ ನೆರವಾಗುತ್ತದೆ. ದೊಡ್ಡ ಫಿಟ್ಸ್ ಇಲ್ಲದೆ ಕೋಣೆಯಲ್ಲಿ ಜೊತೆಗಾರರಿರುವವರಿಗೆ ಹೋಲಿಸಿದರೆ, ದೊಡ್ಡ ಫಿಟ್ಸ್ ಬರುತ್ತಿದ್ದೂ ಒಬ್ಬರೇ ಮಲಗುವವರಿಗೆ ಅಪಾಯ 67 ಪಟ್ಟು. ಫಿಟ್ಸ್ ಹತೋಟಿಯಲ್ಲಿರುವವರನ್ನು ಕಾಯಬೇಕಿಲ್ಲ. ಹತೋಟಿಯಲ್ಲಿ ಇಲ್ಲದವರು, ಪಿಜಿಯಲ್ಲಿದ್ದರೂ, ಜೊತೆಗೊಬ್ಬರಿರುವ ಕೋಣೆಯನ್ನು ತಾವೇ ಆರಿಸಿಕೊಳ್ಳಬಹುದು. ಆ ಜೊತೆಗಾರರು ಕೈಗೆ ಬೀಗದ ಕೈ ತುರುಕುವ ಬದಲು, ಅದುರುವುದು ನಿಂತೊಡನೆ ಪಕ್ಕಕ್ಕೆ ಹೊರಳಿಸಿ, ಉಸಿರು ಸರಿಹೋಗಿ ಎಚ್ಚರವಾಗುವವರೆಗೆ ಹತ್ತಿರವೇ ಇರಬೇಕು. ಉಸಿರು ನಿಂತರೆ ಎದೆ ಒತ್ತುತ್ತ 108ಕ್ಕೆ ಕರೆ ಮಾಡಿಸಬೇಕು. ಬೆಳಿಗ್ಗೆ ನಾಲಗೆ ಕಚ್ಚಿದ ಗಾಯ, ಒದ್ದೆಯಾದ ಹಾಸಿಗೆ ಕಂಡರೆ, ರಾತ್ರಿ ಯಾರಿಗೂ ತಿಳಿಯದಂತೆ ಫಿಟ್ಸ್ ಬಂದುಹೋಗಿರಬಹುದು. ಅದನ್ನು ವೈದ್ಯರಿಗೆ ತಿಳಿಸಿದರೆ ತಾನೆ ಅವರು ಮಾತ್ರೆಯ ಪ್ರಮಾಣ ಬದಲಿಸುವುದು?