ಕೋಡ್ ಬರೆಯೋದು ಎಐ, ನೋಡೋರು ಯಾರು?

"ಇನ್ಮೇಲೆ ಸಾಫ್ಟ್‌ವೇರ್ ಇಂಜಿನಿಯರುಗಳೇ ಬೇಕಾಗಿಲ್ವಂತೆ, ಹೌದಾ ಸಾರ್?" ಹೋದಲ್ಲೆಲ್ಲ ಇದೇ ಪ್ರಶ್ನೆ. ಕೇಳುವವರು ಇಂಜಿನಿಯರುಗಳಲ್ಲ, ಅವರ ಅಪ್ಪ-ಅಮ್ಮ. ಮಗಳ ಸೀಟಿಗೆ ಸಾಲ ಮಾಡಿದವರು.

2024ರ ಅಕ್ಟೋಬರಿನಲ್ಲಿ ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ ಹೇಳಿದರು: ನಮ್ಮಲ್ಲಿ ಹೊಸ ಕೋಡಿನ ಕಾಲು ಭಾಗಕ್ಕಿಂತ ಹೆಚ್ಚು ಎಐ ತಯಾರಿಸಿದ್ದು. ಸುದ್ದಿಯಾಗಿದ್ದು ಅಷ್ಟೇ. ಆ ಮಾತಿಗೊಂದು ಬಾಲ ಇತ್ತು, ಅದನ್ನು ಇಂಜಿನಿಯರುಗಳು ಪರಿಶೀಲಿಸಿ ಒಪ್ಪಿಕೊಳ್ತಾರೆ ಅಂತ. ಬಾಲ ಯಾರಿಗೆ ಬೇಕು ಹೇಳಿ!

2025ರ ಜುಲೈನಲ್ಲಿ ಅಮೆರಿಕದ ಮೀಟರ್ ಎಂಬ ಸಂಶೋಧನಾ ಸಂಸ್ಥೆ (ಆಟೋ ಮೀಟರ್ ಅಲ್ಲ ಸ್ವಾಮಿ) ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಪಳಗಿದ 16 ಇಂಜಿನಿಯರುಗಳು, ಅವರಿಗೆ ಚೆನ್ನಾಗಿ ಗೊತ್ತಿರುವ ಪ್ರಾಜೆಕ್ಟುಗಳು, 246 ಕೆಲಸ. ಯಾವ ಕೆಲಸಕ್ಕೆ ಎಐ ಬಳಸಬಹುದು, ಯಾವುದಕ್ಕೆ ಬಳಸಬಾರದು ಅನ್ನೋದು ಚೀಟಿ ಎತ್ತಿದ ಹಾಗೆ ನಿರ್ಧಾರ. ಶುರುವಿಗೆ ಮುಂಚೆ ಅವರ ಅಂದಾಜು, ಶೇ. 24 ಸಮಯ ಉಳಿಯುತ್ತೆ. ಮುಗಿದ ಮೇಲೂ ಶೇ. 20 ಉಳೀತು ಅಂತಲೇ ನಂಬಿದ್ದರು. ಗಡಿಯಾರ ನೋಡಿದರೆ ಶೇ. 19 ಹೆಚ್ಚೇ ಹಿಡಿದಿತ್ತು! ಎಐ ಕೊಟ್ಟದ್ದನ್ನು ಓದಬೇಕು, ತಿದ್ದಬೇಕು, ಕೆಲವೊಮ್ಮೆ ಪೂರ್ತಿ ಬಿಸಾಕಬೇಕು. ಆ ಹೊತ್ತು ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

ಹಾಗಂತ ಎಐ ದಂಡ ಅಂತ ನಾನು ಹೇಳ್ತಿಲ್ಲ. ಅದು 2025ರ ಆರಂಭದ ಎಐ, 16 ಜನರ ಲೆಕ್ಕ. ಗೊತ್ತಿಲ್ಲದ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ, ಯಾರೋ ಬರೆದಿಟ್ಟುಹೋದ ಹಳೇ ಕೋಡಿನ ಅರ್ಥ, ಬೇಸರ ಹಿಡಿಸುವ ಟೆಸ್ಟುಗಳು, ಇಲ್ಲೆಲ್ಲ ಅದು ನಿಜಕ್ಕೂ ಕೈಯಾಳು. ಆದರೆ ಐಬಿಎಂನ ದೊಡ್ಡ ಪ್ರಾಜೆಕ್ಟು ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಲೆಕ್ಕ ಕೊಟ್ಟಿದ್ದಾರೆ: ಸಮಯದ ಮೂರನೇ ಒಂದು ಭಾಗ ಯೋಜನೆಗೆ, ಅರ್ಧ ಪರೀಕ್ಷೆಗೆ, ಕೋಡ್ ಬರೆಯೋದಕ್ಕೆ ಆರನೇ ಒಂದು ಭಾಗ ಮಾತ್ರ. ಆ ಆರನೇ ಭಾಗ ಪುಕ್ಕಟೆ ಆಯ್ತು ಅಂತಲೇ ಇಟ್ಟುಕೊಳ್ಳಿ, ಉಳಿದ ಐದು?

ನನ್ನ ಚಿಂತೆ ಬೇರೆ. ಎಐ ಸಲೀಸಾಗಿ ಮಾಡುವ ಸಣ್ಣಪುಟ್ಟ ಕೆಲಸ ಇದೆಯಲ್ಲ, ಬೆಂಗಳೂರಿಗೆ ಬಂದ ಫ್ರೆಷರ್‌ಗಳು ಕೈ ಪಳಗಿಸಿಕೊಂಡಿದ್ದು ಅದರಲ್ಲೇ. ಅದನ್ನೇ ಕಿತ್ತುಕೊಂಡರೆ, ಇನ್ನು ಹತ್ತು ವರ್ಷಕ್ಕೆ ಎಐ ಬರೆದದ್ದರಲ್ಲಿ ತಪ್ಪು ಹಿಡಿಯುವವರು ಎಲ್ಲಿಂದ ಬರಬೇಕು? ನಿಮ್ಮ ಮಗಳ ಕಾಲೇಜಿಗೆ ಕಂಪನಿಯವರು ಬಂದಾಗ ಸಂಬಳದ ಜೊತೆ ಇದನ್ನೂ ಕೇಳೋಕೆ ಹೇಳಿ: ಮೊದಲ ಎರಡು ವರ್ಷ ನನ್ನ ಕೋಡನ್ನು ಯಾರು ಓದಿ ತಿದ್ತಾರೆ ಸಾರ್?