ಗೋಡೆಯೊಳಗಿನ ಬೇಲಿ



ಕೋಲಾರ ಸೀಮೆಗೆ ವಿದ್ಯುಚ್ಛಕ್ತಿ ಹೊಸತಲ್ಲ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿಯೇ ನಮ್ಮ ಚಿನ್ನದ ಗಣಿಗಳನ್ನು ತಲುಪಿತು; ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಅದಾದ ಮೂರು ವರ್ಷಗಳ ಮೇಲೆ. ಆ ಗಣಿಗಳು 2001ರಲ್ಲಿ ಮುಚ್ಚಿದವು. ವಿದ್ಯುತ್ತಾದರೋ ಹೋಳೂರಿನಂತಹ ಹೋಬಳಿಯ ಊರುಗಳಲ್ಲಿಯೂ ಬಚ್ಚಲು, ಕೊಟ್ಟಿಗೆಗಳವರೆಗೆ ಬಂದು ನೆಲೆಸಿದೆ. ಅದನ್ನು ಅಂಕೆಯಲ್ಲಿಡುವ ಬಗೆ ಎಂತು ಎಂಬುದೇ ಇಂದಿನ ವಿಚಾರ.

ತಾಮ್ರದ ತಂತಿಗೆ ತೊಡಿಸಿದ ಕವಚವು ಹೊಲಕ್ಕೆ ಹಾಕಿದ ಬೇಲಿಯಂತೆ. ಪ್ರವಾಹವು ದಾರಿ ತಪ್ಪದಂತೆ ತಡೆಯುವ ಅದರ ಶಕ್ತಿಯನ್ನು ಇನ್ಸುಲೇಷನ್ ರೆಸಿಸ್ಟೆನ್ಸ್ ಎನ್ನುತ್ತಾರೆ. ವರುಷಗಳು ಉರುಳಿದಂತೆ ಕವಚವು ಕಾವಿಗೆ ಬಿರಿಯುತ್ತದೆ, ಇಲಿ ಕಡಿಯುತ್ತದೆ, ಪಟ ತೂಗುಹಾಕಲು ಹೊಡೆದ ಮೊಳೆ ತಾಗುತ್ತದೆ, ಮಳೆಗಾಲದ ತೇವ ಗೋಡೆಯೊಳಗಿನ ಕೊಳವೆಗೆ ಇಳಿಯುತ್ತದೆ. ಆಗ ವಿದ್ಯುತ್ತು ಸದ್ದಿಲ್ಲದೆ ಸೋರತೊಡಗುತ್ತದೆ.

ಅಪಾಯವಿರುವುದು ಆ ಮೌನದಲ್ಲಿಯೇ. 230 ವೋಲ್ಟಿನ ಮನೆಯಲ್ಲಿ ಈ ತಡೆ 7,700 ಓಮಿನಷ್ಟಕ್ಕೆ ಕುಸಿದರೆ ಸುಮಾರು 30 ಮಿಲಿಆಂಪಿಯರ್ ಸೋರುತ್ತದೆ. 5 ಆಂಪಿಯರಿನ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ, ಒದ್ದೆಗೈಯಲ್ಲಿ ಗೀಸರನ್ನು ಮುಟ್ಟಿದವರ ದೇಹದಲ್ಲಿ ಅಷ್ಟೇ ಪ್ರವಾಹ ಹರಿದರೂ ಸ್ನಾಯುಗಳು ಸೆಟೆದು, ಹಿಡಿದ ಕೈ ಬಿಡಿಸಲಾಗದೆ, ಪ್ರಾಣಕ್ಕೇ ಸಂಚಕಾರ ಬಂದೀತು. ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯಲೆಂದೇ ಇರುವ, 30 ಮಿಲಿಆಂಪಿಯರ್ ಸೋರುವಷ್ಟರೊಳಗೆ ಕಡಿದುಬೀಳುವ ಆರ್.ಸಿ.ಸಿ.ಬಿ.ಯನ್ನು, ಪದೇಪದೇ ಬೀಳುತ್ತದೆಂದು ಬೈದು ಕಿತ್ತೆಸೆಯುವವರುಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು!

ದೋಷವನ್ನು ಹುಡುಕುವುದಕ್ಕೆ ಒಂದು ಕ್ರಮವಿದೆ. ಅದು ಪರವಾನಗಿಯುಳ್ಳ ವೈರ್‌ಮನ್ನನ ಕೆಲಸ; ಆದರೂ ಮನೆಯವರು ಅರಿತಿರಬೇಕು. ಮೈನ್ ಸ್ವಿಚ್ಚನ್ನು ಆರಿಸಿ, ಬಲ್ಬುಗಳನ್ನು ತೆಗೆದು, ಟಿ.ವಿ., ಫ್ರಿಜ್ಜು, ಗೀಸರುಗಳ ಸಂಪರ್ಕ ಬಿಡಿಸಬೇಕು. ಬಳಿಕ ಒಳಗಿನ ಸ್ವಿಚ್ಚುಗಳನ್ನೆಲ್ಲ ಹಾಕಿ, ಫೇಸ್, ನ್ಯೂಟ್ರಲ್ ತಂತಿಗಳೆರಡನ್ನೂ ಕೂಡಿಸಿ, ಅವುಗಳಿಗೂ ಅರ್ಥಿಗೂ ನಡುವೆ ಮೆಗ್ಗರ್ ಎಂಬ ಉಪಕರಣದಿಂದ 500 ವೋಲ್ಟಿನಲ್ಲಿ ಅಳೆಯುತ್ತಾರೆ. 1 ಮೆಗಓಮಿಗಿಂತ ಕಡಿಮೆ ಬಂದರೆ ದೋಷ ತಂತಿಯಲ್ಲಿದೆ. ಅಳತೆ ಚೆನ್ನಾಗಿ ಬಂದೂ ಆರ್.ಸಿ.ಸಿ.ಬಿ. ಬೀಳುತ್ತಿದ್ದರೆ, ಬಿಡಿಸಿಟ್ಟ ಉಪಕರಣಗಳ ಮೇಲೆಯೇ ಮೊದಲ ಅನುಮಾನ.

ತಂತಿಯಲ್ಲಿದ್ದರೆ ಗೋಡೆಯನ್ನೆಲ್ಲ ಒಡೆಯಬೇಕಿಲ್ಲ. ಒಂದೊಂದು ಸರ್ಕ್ಯೂಟನ್ನೂ ಬೇರ್ಪಡಿಸಿ ಅಳೆಯಬೇಕು. ಕೆಟ್ಟ ಸರ್ಕ್ಯೂಟು ಸಿಕ್ಕ ಮೇಲೆ ನಡುವಿನ ಜಂಕ್ಷನ್ ಬಾಕ್ಸಿನಲ್ಲಿ ತಂತಿ ಬಿಡಿಸಿ ಅರ್ಧರ್ಧವಾಗಿ ನೋಡಬೇಕು. ಒಂದೇ ಕಡೆ ಕೆಟ್ಟಿದ್ದರೆ, ಹದಿನಾರು ತುಂಡುಗಳಲ್ಲಿ ಅದು ಯಾವುದೆಂಬುದು ನಾಲ್ಕೇ ಅಳತೆಗೆ ತಿಳಿಯುತ್ತದೆ. ಷಾಕ್ ಹೊಡೆದ ಜಾಗವೇ ದೋಷದ ಜಾಗವೆಂದು ತಿಳಿಯಬಾರದು. ಅಟ್ಟದಲ್ಲಿ ಇಲಿ ಕಡಿದದ್ದು ಬಚ್ಚಲಲ್ಲಿ ತೋರಬಹುದು.

ಮತ್ತೊಂದು ಮಾತು. ಬೇಸಿಗೆಯಲ್ಲಿ ಅಡಗಿದ ದೋಷ ಮಳೆಗಾಲದಲ್ಲಿ ಬಾಯ್ದೆರೆಯುತ್ತದೆ. ಆದಕಾರಣ ಎರಡು ಕಾಲಗಳಲ್ಲಿಯೂ ಅಳೆಯಿಸಿ, ಅಂಕಿಯನ್ನೂ ದಿನಾಂಕವನ್ನೂ ಮೀಟರ್ ಹಲಗೆಯ ಬಳಿ ಬರೆದಿಡುವುದು ಒಳಿತು. ವರುಷದಿಂದ ವರುಷಕ್ಕೆ ಅಂಕಿ ಇಳಿಯುತ್ತಿದ್ದರೆ, ಬೇಲಿ ಸಡಿಲವಾಗುತ್ತಿದೆಯೆಂದು ಗೋಡೆಯೇ ನಮಗೆ ಹೇಳಿದಂತೆ. ಆ ಮಾತನ್ನು ಕೇಳಿಸಿಕೊಳ್ಳುವ ವ್ಯವಧಾನ ನಮಗಿರಲಿ.